ಕಾರ್ಟ್ರಿಜ್‌ನಲ್ಲಿ ಏನಿತ್ತು? ಇ-ಸಿಗರೇಟ್ ಸುದ್ದಿ ಬರೆಯುವವರಿಗೆ, ಓದುವವರಿಗೆ

(ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ಉಪಸಂಪಾದಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

2019ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಒಂದು ಪ್ರಕಟಣೆ ಹೊರಡಿಸಿತು. ಆ ಬೇಸಿಗೆಯಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಗಟ್ಟಿಮುಟ್ಟಾಗಿದ್ದ ಯುವಕರು ಇದ್ದಕ್ಕಿದ್ದಂತೆ ಉಸಿರಾಡಲಾಗದೆ ಐಸಿಯು ಸೇರುತ್ತಿದ್ದರು. ಎಲ್ಲರೂ ವೇಪ್, ಅಂದರೆ ಇ-ಸಿಗರೇಟಿನಂಥ ಬ್ಯಾಟರಿ ಉಪಕರಣ, ಸೇದಿದವರು. ನ್ಯೂಯಾರ್ಕಿನ ರೋಗಿಗಳು ತಂದುಕೊಟ್ಟ ಕಾರ್ಟ್ರಿಜ್‌ಗಳನ್ನು (ಉಪಕರಣದಲ್ಲಿ ದ್ರವ ತುಂಬಿರುವ ಕೊಳವೆ) ಇಲಾಖೆಯ ಪ್ರಯೋಗಾಲಯ ಪರೀಕ್ಷಿಸಿತು. ಗಾಂಜಾ ಸಾರವಿದ್ದ ಮಾದರಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಭಾರಿ ಪ್ರಮಾಣದಲ್ಲಿ ಸಿಕ್ಕಿತು. ನಿಕೋಟಿನ್ ಮಾದರಿಗಳಲ್ಲಿ ಅದು ಇರಲಿಲ್ಲ.

ಇದಾಗಿ 13 ದಿನಕ್ಕೆ, ಸೆಪ್ಟೆಂಬರ್ 18ರಂದು, ದೆಹಲಿಯಲ್ಲಿ ಕೇಂದ್ರ ಸಚಿವ ಸಂಪುಟ ಇ-ಸಿಗರೇಟ್ ನಿಷೇಧದ ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟಿತು. ನಿರ್ಮಲಾ ಸೀತಾರಾಮನ್ ಪತ್ರಿಕಾಗೋಷ್ಠಿಯಲ್ಲಿ ಅದನ್ನು ಪ್ರಕಟಿಸಿದರು. ನಿಷೇಧಕ್ಕೆ ಅದರದ್ದೇ ಕಾರಣಗಳಿದ್ದವು: 2018ರ ಆಗಸ್ಟ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಸಲಹಾಪತ್ರ ಕಳಿಸಿತ್ತು, 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶ್ವೇತಪತ್ರ ಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತ್ತು, ಕರ್ನಾಟಕವಂತೂ 2016ರಲ್ಲೇ ನಿಷೇಧಿಸಿತ್ತು. ಆದರೆ ಆ ವಾರದ ಪುಟಗಳಲ್ಲಿ, ಟೀವಿ ಪಟ್ಟಿಗಳಲ್ಲಿ ಎರಡು ಸುದ್ದಿಗಳು ಒಂದಕ್ಕೊಂದು ಹೊಲಿದುಕೊಂಡವು. ಅಮೆರಿಕದಲ್ಲಿ ಇ-ಸಿಗರೇಟ್ ಸೇದಿ ಜನ ಸಾಯುತ್ತಿದ್ದಾರೆ, ಆದ್ದರಿಂದ ಇಲ್ಲಿ ನಿಷೇಧ. ವಿಟಮಿನ್ ಇ ಅಸಿಟೇಟ್ ಎಂಬ ಹೆಸರು ಆ ಹೊಲಿಗೆಯೊಳಗೆ ಸಿಕ್ಕಲೇ ಇಲ್ಲ.

ಇವತ್ತು ಹೇಳಬೇಕಿರುವುದು ಇಷ್ಟೇ: ಇ-ಸಿಗರೇಟ್ ಎಂಬುದು ಪಾತ್ರೆಯ ಹೆಸರು, ಅಡುಗೆಯದ್ದಲ್ಲ. ಪಾತ್ರೆಯಲ್ಲಿ ಏನಿತ್ತು, ಎಷ್ಟು ಉರಿಯಲ್ಲಿ ಬೆಂತು, ಉಂಡವರು ಯಾರು, ಯಾವ ಊಟಕ್ಕೆ ಹೋಲಿಸಿ ಹೇಳುತ್ತಿದ್ದೀರಿ ಎನ್ನುವುದಿಲ್ಲದೆ ‘ಅಪಾಯ’ ಎಂದು ಬರೆದರೂ ‘ಸುರಕ್ಷಿತ’ ಎಂದು ಬರೆದರೂ ಓದುಗನಿಗೆ ಏನೂ ಹೇಳಿದಂತಾಗುವುದಿಲ್ಲ.

ಪಾತ್ರೆಯ ಪರಿಚಯ

ಉಪಕರಣ ಸರಳ. ಒಂದು ಲಿಥಿಯಂ-ಅಯಾನ್ ಬ್ಯಾಟರಿ, ಅದರಿಂದ ಬಿಸಿಯಾಗುವ ಸಣ್ಣ ತಂತಿಸುರುಳಿ, ಸುರುಳಿಯೊಳಗೆ ತೂರಿಸಿದ ಹತ್ತಿಯ ಬತ್ತಿ, ಬತ್ತಿಗೆ ದ್ರವ ಒದಗಿಸುವ ಟ್ಯಾಂಕ್ ಅಥವಾ ಪಾಡ್. ದೀಪದ ಬತ್ತಿ ಎಣ್ಣೆ ಹೀರುವ ಹಾಗೆಯೇ ಈ ಬತ್ತಿ ದ್ರವವನ್ನು ಹೀರಿ ಸುರುಳಿಗೆ ಕೊಡುತ್ತದೆ. ಅಂಗಡಿಯಲ್ಲಿ ಸಿಗುವ ನಿಕೋಟಿನ್ ದ್ರವದಲ್ಲಿ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅವು ನೀರಿನೊಂದಿಗೆ ಬೆರೆಯುವಂಥವು, ಎಣ್ಣೆಗಳಲ್ಲ. ಜೊತೆಗೆ ನಿಕೋಟಿನ್, ಸುವಾಸನೆಯ ರಾಸಾಯನಿಕಗಳು. ಗಾಂಜಾ ಕಾರ್ಟ್ರಿಜ್‌ನಲ್ಲಿರುವುದು ಬೇರೆಯೇ ಸರಕು: ಗಾಂಜಾದಿಂದ ತೆಗೆದ ಮಂದ ಎಣ್ಣೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಪೆನ್ನು.

ಇನ್ನು ಹೊರಬರುವುದನ್ನು ಏನೆಂದು ಕರೆಯುವುದು? ಕನ್ನಡದ ವರದಿಗಾರನಿಗೆ ಇದು ನಿಜವಾದ ತೊಡಕು. ‘ಹೊಗೆ’ ಎಂದರೆ ಏನೋ ಸುಟ್ಟಿದೆ ಎಂದರ್ಥ. ಇಲ್ಲಿ ಎಲೆ ಸುಡುವುದಿಲ್ಲ. ‘ಆವಿ’ ಎಂದರೆ ಇಡ್ಲಿ ಪಾತ್ರೆ ನೆನಪಾಗುತ್ತದೆ. ಬರೀ ನೀರಾವಿ ಎಂಬ ಮಾರಾಟಗಾರರ ಹಳೇ ಮಾತಿಗೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ವಾಸ್ತವದಲ್ಲಿ ಅದು ಗಾಳಿಯಲ್ಲಿ ತೇಲುವ ಅತಿಸೂಕ್ಷ್ಮ ಹನಿಗಳ ಮೋಡ. ಮೊದಲ ಸಲ ‘ಸೂಕ್ಷ್ಮ ಹನಿಗಳ ಮೋಡ’ ಎಂದು ಬಿಡಿಸಿ ಬರೆದು, ಮುಂದೆ ‘ಏರೋಸಾಲ್’ ಎಂದು ಬಳಸಿದರೆ ಸಾಕು. ಇನ್ನೊಂದು ಎಚ್ಚರ: ‘ಹೊಗೆರಹಿತ ತಂಬಾಕು’ ಎಂಬ ಪದ ಕನ್ನಡದಲ್ಲಿ ಆಗಲೇ ಗುಟ್ಕಾ, ಜರ್ದಾ, ಕಡ್ಡಿಪುಡಿಗೆ ಮೀಸಲಾಗಿದೆ. ಅದನ್ನು ತಂದು ಇ-ಸಿಗರೇಟ್‌ಗೆ ಅಂಟಿಸಿದರೆ, ಬಾಯಿ ಕ್ಯಾನ್ಸರ್‌ನ ಅಂಕಿ ಅಂಶಗಳೆಲ್ಲ ತಪ್ಪು ವಿಳಾಸಕ್ಕೆ ಹೋಗಿ ಸೇರುತ್ತವೆ.

ಇವಾಲಿ: ಹೆಸರಿನಲ್ಲೇ ಇದ್ದ ತೊಡಕು

2019ರ ಘಟನೆಗೆ ಹಿಂತಿರುಗೋಣ, ಏಕೆಂದರೆ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಇಲ್ಲ. ಮೊದಲ ಗುಂಪು ಪ್ರಕರಣಗಳು ಬೆಳಕಿಗೆ ಬಂದದ್ದು ವಿಸ್ಕಾನ್ಸಿನ್ ಮತ್ತು ಇಲಿನಾಯ್ ರಾಜ್ಯಗಳಲ್ಲಿ. ಸೆಪ್ಟೆಂಬರ್ 6ರಂದು ಪ್ರಕಟವಾದ 53 ರೋಗಿಗಳ ಮೊದಲ ವರದಿಯಲ್ಲೇ ಶೇ 84ರಷ್ಟು ಮಂದಿ ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಇರುವ ಕಾರ್ಟ್ರಿಜ್ ಬಳಸಿದ್ದಾಗಿ ಹೇಳಿದ್ದರು. ಆದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಆ ವಾರ ಜನರಿಗೆ ಕೊಟ್ಟ ಸಲಹೆ ‘ತನಿಖೆ ಮುಗಿಯುವವರೆಗೆ ಇ-ಸಿಗರೇಟ್ ಉತ್ಪನ್ನಗಳನ್ನು ಬಳಸದಿರುವ ಬಗ್ಗೆ ಯೋಚಿಸಿ’ ಎಂಬ ಅರ್ಥದ್ದು. ಕಾರಣ ಗೊತ್ತಿಲ್ಲದ ಕಾಯಿಲೆಯ ಮುಂದೆ ಆರೋಗ್ಯ ಇಲಾಖೆ ಬಲೆಯನ್ನು ಅಗಲವಾಗಿ ಬೀಸುವುದು ಸರಿಯೇ. ಪತ್ರಿಕೆ ಮಾತ್ರ ಆ ಬಲೆಯನ್ನೇ ಮೀನು ಎಂದು ಬರೆಯಬಾರದಿತ್ತು.

ಅಕ್ಟೋಬರ್‌ನಲ್ಲಿ ಕಾಯಿಲೆಗೆ ಹೆಸರಿಟ್ಟರು: ಇವಾಲಿ. ಬಿಡಿಸಿದರೆ ‘ಇ-ಸಿಗರೇಟ್ ಅಥವಾ ವೇಪಿಂಗ್ ಉತ್ಪನ್ನ ಬಳಕೆಗೆ ಸಂಬಂಧಿಸಿದ ಶ್ವಾಸಕೋಶ ಹಾನಿ’. ಗಾಂಜಾ ಎಂಬ ಪದ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಹೆಸರು ಸಿಕ್ಕಮೇಲೆ ಶೀರ್ಷಿಕೆ ಬರೆಯುವವನು ಹೆಸರನ್ನೇ ಬರೆಯುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ.

ನವೆಂಬರ್ 8ರಂದು ಸಿಡಿಸಿ ರೋಗಿಗಳ ಶ್ವಾಸಕೋಶ ತೊಳೆದು ತೆಗೆದ ದ್ರವದ ಫಲಿತಾಂಶ ಕೊಟ್ಟಿತು. 10 ರಾಜ್ಯಗಳ 29 ಮಾದರಿಗಳು, 29ರಲ್ಲೂ ವಿಟಮಿನ್ ಇ ಅಸಿಟೇಟ್. ಡಿಸೆಂಬರ್‌ನಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ 51 ರೋಗಿಗಳ ಪೈಕಿ 48 ಮಂದಿಯಲ್ಲಿ ಅದು ಸಿಕ್ಕಿತು. ಹೋಲಿಕೆಗೆ ತೆಗೆದುಕೊಂಡ 99 ಆರೋಗ್ಯವಂತರಲ್ಲಿ ಒಬ್ಬರಲ್ಲೂ ಇಲ್ಲ. ಆ 99 ಜನರಲ್ಲಿ ನಿಕೋಟಿನ್ ಇ-ಸಿಗರೇಟ್ ಸೇದುವವರೂ ಇದ್ದರು. ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಸಾಲು ಇದು. ಹೋಲಿಕೆಯ ಗುಂಪಿನ ವಿವರ ಸಾಮಾನ್ಯವಾಗಿ ಏಜೆನ್ಸಿ ಕಾಪಿಯ ಎಂಟನೆಯದೋ ಒಂಬತ್ತನೆಯದೋ ಪ್ಯಾರಾದಲ್ಲಿರುತ್ತದೆ. ನಮ್ಮಲ್ಲಿ ಕಾಪಿ ಕತ್ತರಿಸುವುದು ಕೆಳಗಿನಿಂದ.

ಆ ಎಣ್ಣೆ ಅಲ್ಲಿಗೆ ಹೋದದ್ದು ಹೇಗೆ? ವಿಟಮಿನ್ ಇ ಅಸಿಟೇಟ್ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿದೆ, ನುಂಗುವ ಕ್ಯಾಪ್ಸೂಲಿನಲ್ಲಿದೆ. ಚರ್ಮಕ್ಕೂ ಹೊಟ್ಟೆಗೂ ಸಾಮಾನ್ಯವಾಗಿ ತೊಂದರೆ ಕೊಡದ ವಸ್ತು. ಕಳ್ಳಮಾರುಕಟ್ಟೆಯಲ್ಲಿ ಗಾಂಜಾ ಎಣ್ಣೆ ಕೊಳ್ಳುವವರು ಕಾರ್ಟ್ರಿಜ್ ತಲೆಕೆಳಗು ಮಾಡಿ ಒಳಗಿನ ಗಾಳಿಗುಳ್ಳೆ ಎಷ್ಟು ನಿಧಾನ ಏರುತ್ತದೆ ನೋಡುತ್ತಾರೆ. ನಿಧಾನವಾದಷ್ಟೂ ಎಣ್ಣೆ ಗಟ್ಟಿ ಎಂಬ ನಂಬಿಕೆ. ಹಾಲಿಗೆ ನೀರು ಬೆರೆಸಿದರೆ ಹಾಲು ತೆಳ್ಳಗಾಗಿ ಸಿಕ್ಕಿಬೀಳಬಹುದು. ಈ ಎಣ್ಣೆ ಬೆರೆಸಿದರೆ ಮಂದವಾಗಿಯೇ ಇರುತ್ತದೆ, ಬಣ್ಣವೂ ಕೆಡುವುದಿಲ್ಲ. ಕಲಬೆರಕೆಗೆ ಹೇಳಿಮಾಡಿಸಿದ ಸರಕು. ಶ್ವಾಸಕೋಶಕ್ಕೆ ಹೋದಾಗ, ಗಾಳಿಚೀಲಗಳು ಮುದುಡದಂತೆ ಕಾಯುವ ತೆಳು ಪದರದ ಕೆಲಸವನ್ನು ಅದು ಕೆಡಿಸಬಹುದು ಎಂಬುದು ಒಂದು ವಿವರಣೆ; ಬಿಸಿಯಾದಾಗ ಕೀಟೀನ್ ಎಂಬ ವಿಷಾನಿಲ ಹುಟ್ಟಬಹುದು ಎಂಬುದು ಇನ್ನೊಂದು. ಎರಡಕ್ಕೂ ‘ಬಹುದು’ ಅಂಟಿಕೊಂಡೇ ಇರಬೇಕು.

2020ರ ಫೆಬ್ರುವರಿ 18ರ ಕೊನೆಯ ಲೆಕ್ಕದ ಪ್ರಕಾರ ಆಸ್ಪತ್ರೆ ಸೇರಿದವರು ಅಥವಾ ಸತ್ತವರು ಒಟ್ಟು 2,807. ಅದರಲ್ಲಿ ಸಾವು 68. ಏನು ಸೇದಿದ್ದರೆಂಬ ಮಾಹಿತಿ ಇದ್ದ 2,022 ರೋಗಿಗಳಲ್ಲಿ ಶೇ 82ರಷ್ಟು ಮಂದಿ ಟಿಎಚ್‌ಸಿ ಬಳಸಿದ್ದರು. ಬರೀ ನಿಕೋಟಿನ್ ಎಂದವರು ಶೇ 14. ಈ ಶೇ 14ನ್ನು ಒಂದು ಬಣ ಮುಚ್ಚಿಡುತ್ತದೆ, ಇನ್ನೊಂದು ಬಣ ಅದನ್ನೇ ಹಿಡಿದುಕೊಳ್ಳುತ್ತದೆ. ಬರೆಯುವವರು ಕೊಡಬೇಕಾದ್ದು ಅಂಕಿ ಮತ್ತು ಅದರ ಮೂಲ: ಅದು ರೋಗಿಗಳ ಸ್ವಂತ ಹೇಳಿಕೆ. ಗಾಂಜಾ ಕಾನೂನುಬಾಹಿರವಾದ ರಾಜ್ಯದಲ್ಲಿ, ಪಕ್ಕದಲ್ಲಿ ಅಪ್ಪ ಅಮ್ಮ ನಿಂತಿರುವಾಗ 19ರ ಹುಡುಗ ಏನು ಹೇಳುತ್ತಾನೆ ಎಂದು ನೀವೇ ಊಹಿಸಿ. ಟಿಎಚ್‌ಸಿ ಮುಟ್ಟಿಲ್ಲ ಎಂದಿದ್ದ ಕೆಲವರ ಶ್ವಾಸಕೋಶದ ದ್ರವದಲ್ಲೂ ಅದು ಪತ್ತೆಯಾಗಿತ್ತು. ಹಾಗೆಂದು ಬೇರೆ ಯಾವ ರಾಸಾಯನಿಕವೂ ಕಾರಣವಲ್ಲ ಎಂದು ಸಿಡಿಸಿ ಹೇಳಲಿಲ್ಲ. ಅದನ್ನೂ ಬರೆಯಬೇಕು.

ಆಗ ಯಾರಾದರೂ ಡೆಸ್ಕ್‌ನಲ್ಲಿ ಕೂತು ಕೇಳಬಹುದಾಗಿದ್ದ ಒಂದು ಪ್ರಶ್ನೆ ಇದೆ: ಬ್ರಿಟನ್‌ನಲ್ಲಿ ಯಾಕಿಲ್ಲ? ಅದೇ ವರ್ಷ ಅಲ್ಲಿ ವೇಪ್ ಬಳಸುತ್ತಿದ್ದವರು ಸುಮಾರು 36 ಲಕ್ಷ. ಅಂಥ ಸರಣಿ ಅಲ್ಲಿ ಕಾಣಿಸಲಿಲ್ಲ. ಆಗ ಅಲ್ಲಿಗೂ ಅನ್ವಯಿಸುತ್ತಿದ್ದ ಯುರೋಪಿನ ನಿಯಮದಡಿ ಇ-ದ್ರವಕ್ಕೆ ವಿಟಮಿನ್ ಸೇರಿಸುವಂತಿಲ್ಲ. ವಸ್ತು ಒಂದೇ ಆಗಿದ್ದರೆ ಕಾಯಿಲೆ ಗಡಿ ನೋಡಿ ನಿಲ್ಲುತ್ತಿತ್ತೇ?

ಐದು ವೋಲ್ಟ್, ಹದಿನೈದು ಪಟ್ಟು

ಎರಡನೆಯದು ಉರಿಯ ಪ್ರಶ್ನೆ. 2015ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಒಂದು ಪುಟ್ಟ ಪತ್ರ ಬರೆದರು. ಇ-ಸಿಗರೇಟ್ ಏರೋಸಾಲ್‌ನಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಸಂಯುಕ್ತಗಳು ಸಿಕ್ಕಿವೆ, ಅದರ ಲೆಕ್ಕದಲ್ಲಿ ಕ್ಯಾನ್ಸರ್ ಅಪಾಯ ದೀರ್ಘಕಾಲದ ಧೂಮಪಾನಕ್ಕಿಂತ 5ರಿಂದ 15 ಪಟ್ಟು ಎಂದು ಅದರಲ್ಲಿತ್ತು. ಜಗತ್ತಿನಾದ್ಯಂತ ಶೀರ್ಷಿಕೆಯಾದದ್ದು ಆ 15.

ಪತ್ರದಲ್ಲಿ ಎರಡು ಅಳತೆಗಳಿದ್ದವು. ಉಪಕರಣವನ್ನು 3.3 ವೋಲ್ಟ್‌ನಲ್ಲಿ ಓಡಿಸಿದಾಗ ಆ ಸಂಯುಕ್ತಗಳು ಪತ್ತೆಯಾಗಲಿಲ್ಲ. 5.0 ವೋಲ್ಟ್‌ನಲ್ಲಿ ಓಡಿಸಿದಾಗ ಪತ್ತೆಯಾದವು. ಇದು ಸಣ್ಣ ವ್ಯತ್ಯಾಸದಂತೆ ಕಾಣುತ್ತದೆ, ಅಲ್ಲ. ಸುರುಳಿಯ ರೋಧ ಬದಲಾಗದಿದ್ದರೆ ಶಾಖಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. 5ರ ವರ್ಗ 25, 3.3ರ ವರ್ಗ 10.9. ಅಂದರೆ ಸುರುಳಿಗೆ ಸುಮಾರು 2.3 ಪಟ್ಟು ಉರಿ ಕೊಟ್ಟಂತಾಯಿತು. ಬತ್ತಿ ಅಷ್ಟೇ ವೇಗದಲ್ಲಿ ದ್ರವ ತಂದುಕೊಡಲಾರದು. ಬತ್ತಿ ಒಣಗುತ್ತದೆ, ಸುರುಳಿಯ ಉಷ್ಣತೆ ಜಿಗಿಯುತ್ತದೆ, ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್ ಹುಟ್ಟುತ್ತವೆ. ಸೇದುವವರು ಇದನ್ನು ‘ಡ್ರೈ ಹಿಟ್’ ಅನ್ನುತ್ತಾರೆ. ಒಣ ದಮ್ಮು ಅನ್ನೋಣ. ಒಗ್ಗರಣೆ ಸೀದಾಗ ಅಡುಗೆಮನೆಯಲ್ಲಿ ನಿಲ್ಲಲಾಗದಂಥ ಘಾಟು ಅದು; ಎಳೆದವನು ಕೆಮ್ಮಿ ಅಲ್ಲಿಗೇ ಬಿಡುತ್ತಾನೆ. ಪ್ರಯೋಗಾಲಯದ ದಮ್ಮೆಳೆಯುವ ಯಂತ್ರಕ್ಕೆ ಗಂಟಲಿಲ್ಲ. ಅದು ಎಳೆಯುತ್ತಲೇ ಇರುತ್ತದೆ.

ಅದೇ ವರ್ಷ ಗ್ರೀಸ್‌ನ ಹೃದ್ರೋಗ ಸಂಶೋಧಕ ಕಾನ್‌ಸ್ಟಂಟಿನೋಸ್ ಫಾರ್ಸಲಿನೋಸ್ ತಂಡ ಅನುಭವಿ ಬಳಕೆದಾರರಿಂದಲೇ ಒಣ ದಮ್ಮು ಯಾವಾಗ ಬರುತ್ತದೆಂದು ಗುರುತಿಸಿಕೊಂಡು ಅಳೆಯಿತು. ಒಣ ದಮ್ಮಿನಲ್ಲಿ ಆಲ್ಡಿಹೈಡ್‌ಗಳು ಮಾಮೂಲಿ ದಮ್ಮಿಗಿಂತ 30ರಿಂದ 250 ಪಟ್ಟು ಏರಿದ್ದವು. ಇಲ್ಲಿಂದ ‘ಫಾರ್ಮಾಲ್ಡಿಹೈಡ್ ಕಥೆಯೇ ಸುಳ್ಳು’ ಎಂದು ಹಾರುವುದು ಅದೇ ತಪ್ಪಿನ ಇನ್ನೊಂದು ಮುಖ. ಸುಟ್ಟ ರುಚಿ ಎಲ್ಲರಿಗೂ ಒಂದೇ ಹಂತದಲ್ಲಿ ತಿಳಿಯುವುದಿಲ್ಲ. ಹಳೆಯ ಸುರುಳಿ, ಅರ್ಧ ಖಾಲಿ ಟ್ಯಾಂಕ್, ಗಡಿಬಿಡಿಯಲ್ಲಿ ಮೇಲಿಂದ ಮೇಲೆ ಎಳೆದ ದಮ್ಮು, ಇವೆಲ್ಲ ಉಷ್ಣತೆಯನ್ನು ಏರಿಸುತ್ತವೆ. ಸರಿಯಾಗಿ ಬರೆಯುವುದಾದರೆ: ‘ಅತಿ ಬಿಸಿಯಲ್ಲಿ ಫಾರ್ಮಾಲ್ಡಿಹೈಡ್, ಕಡಿಮೆ ಬಿಸಿಯಲ್ಲಿ ಪತ್ತೆಯಿಲ್ಲ’. ಶೀರ್ಷಿಕೆಯ ಜಾಗಕ್ಕೂ ಹಿಡಿಯುತ್ತದೆ.

ಆ 5-15 ಪಟ್ಟಿನಲ್ಲಿ ಇನ್ನೊಂದು ಬಲೆ ಇತ್ತು. ಅದು ಇ-ಸಿಗರೇಟಿನ ಫಾರ್ಮಾಲ್ಡಿಹೈಡನ್ನು ಸಿಗರೇಟಿನ ಫಾರ್ಮಾಲ್ಡಿಹೈಡ್ ಜೊತೆ ಹೋಲಿಸಿದ ಸಂಖ್ಯೆ. ಸಿಗರೇಟಿನ ಹೊಗೆಯಲ್ಲಿ ಹತ್ತಾರು ಕ್ಯಾನ್ಸರ್‌ಕಾರಕಗಳಿವೆ, ಫಾರ್ಮಾಲ್ಡಿಹೈಡ್ ಅದರಲ್ಲೊಂದು. ‘ಸಿಗರೇಟಿಗಿಂತ 15 ಪಟ್ಟು ಕ್ಯಾನ್ಸರ್’ ಎಂದು ಬರೆದವರು ಒಂದು ಮಸಾಲೆಯ ತೂಕವನ್ನು ಇಡೀ ಸಾರಿನ ತೂಕ ಎಂದು ಓದಿದ್ದರು.

ಇಂಥ ಪ್ರಬಂಧ ಕೈಗೆ ಬಂದಾಗ ಡೆಸ್ಕ್‌ನಲ್ಲಿ ಇಪ್ಪತ್ತು ನಿಮಿಷದ ಕೆಲಸ ಇದೆ. ಸಾರಾಂಶ ಬಿಟ್ಟು ನೇರ ವಿಧಾನದ ಭಾಗಕ್ಕೆ ಹೋಗಿ. ವೋಲ್ಟ್ ಅಥವಾ ವ್ಯಾಟ್, ಸುರುಳಿಯ ಓಮ್, ಒಂದು ದಮ್ಮು ಎಷ್ಟು ಸೆಕೆಂಡು, ಎಷ್ಟು ಮಿಲಿಲೀಟರ್, ದಮ್ಮುಗಳ ನಡುವೆ ಎಷ್ಟು ಬಿಡುವು ಎಂದು ಹುಡುಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಕೋಷ್ಟಕ ನೋಡಿ: ಅಳತೆ ‘ಒಂದು ದಮ್ಮಿಗೆ’ ಇದೆಯೋ, ‘ಒಂದು ಸಿಗರೇಟಿಗೆ’ ಇದೆಯೋ, ‘ದಿನಕ್ಕೆ’ ಇದೆಯೋ? ಇವನ್ನು ಬೆರೆಸಿದರೆ ಉತ್ತರ ಎಷ್ಟೋ ಪಟ್ಟು ಹೆಚ್ಚುಕಡಿಮೆಯಾಗುತ್ತದೆ. ಮೈಕ್ರೊಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಭಾಗ. ನಮ್ಮ ಪುಟಗಳಲ್ಲಿ ಇವೆರಡೂ ‘ಮಿ.ಗ್ರಾಂ’ ಆಗಿಬಿಡುವುದುಂಟು, ಮೈಕ್ರೊಗ್ರಾಂ ಅನ್ನು ಸಂಕ್ಷೇಪಿಸದೆ ಪೂರ್ತಿ ಬರೆಯಿರಿ.

ಸಿಕ್ಕಿತು ಎಂದರೆ ಎಷ್ಟು ಸಿಕ್ಕಿತು

ಪಾಪ್‌ಕಾರ್ನ್ ಶ್ವಾಸಕೋಶದ ಸುದ್ದಿಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಮಿಸೌರಿಯಲ್ಲಿ ಮೈಕ್ರೊವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಿಗೆ ಬಂದ, ಸಣ್ಣ ಶ್ವಾಸನಾಳಗಳು ಮುಚ್ಚಿಕೊಳ್ಳುವ ಗಂಭೀರ ಕಾಯಿಲೆಗೆ ಆ ಹೆಸರು. ಬೆಣ್ಣೆ ಪರಿಮಳದ ಡೈಅಸಿಟೈಲ್ ಅದರ ಶಂಕಿತ ಕಾರಣ. 2015ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ತಂಡ 51 ಪರಿಮಳದ ಇ-ಸಿಗರೇಟ್‌ಗಳನ್ನು ಪರೀಕ್ಷಿಸಿ 39ರಲ್ಲಿ ಡೈಅಸಿಟೈಲ್ ಕಂಡಿತು. ಉಪಯುಕ್ತ ಕೆಲಸ, ಅಂಥ ಪರಿಮಳ ಉಸಿರಿಗೆ ಬೇಕಿಲ್ಲ, ಬ್ರಿಟನ್ ಮುಂದೆ ಅದನ್ನು ದ್ರವದಿಂದ ಹೊರಗಿಟ್ಟಿತು. ಆದರೆ ಅಧ್ಯಯನ ಅಳೆದದ್ದು ರಾಸಾಯನಿಕವನ್ನು, ರೋಗಿಗಳನ್ನಲ್ಲ. ಸಿಗರೇಟಿನ ಹೊಗೆಯಲ್ಲೂ ಡೈಅಸಿಟೈಲ್ ಇದೆ, ಅದೂ ಹೆಚ್ಚಿನ ಪ್ರಮಾಣದಲ್ಲಿ, ಎಂಬ ಸಾಲು ಇಲ್ಲದ ಸುದ್ದಿ ಅರ್ಧ ಸುದ್ದಿ.

ನಿಕೋಟಿನ್ ಲೆಕ್ಕವೂ ಹೀಗೇ. ‘60 ಮಿಲಿಗ್ರಾಂ ನಿಕೋಟಿನ್ ಮನುಷ್ಯನನ್ನು ಕೊಲ್ಲುತ್ತದೆ’ ಎಂಬ ವಾಕ್ಯ ದಶಕಗಳಿಂದ ಪಠ್ಯದಿಂದ ಪಠ್ಯಕ್ಕೆ ನಕಲಾಗುತ್ತ ಬಂದಿದೆ. ಆಸ್ಟ್ರಿಯಾದ ವಿಷವಿಜ್ಞಾನಿ ಬೆರ್ನ್ಡ್ ಮೇಯರ್ 2014ರಲ್ಲಿ ಅದರ ಬೇರು ಹುಡುಕಿ ಹೊರಟಾಗ, ಅದು ರುಡಾಲ್ಫ್ ಕೋಬರ್ಟ್‌ನ 1906ರ ಪಠ್ಯಪುಸ್ತಕದ ಮೂಲಕ 19ನೇ ಶತಮಾನದ ಕೆಲವು ಸ್ವಪ್ರಯೋಗಗಳಿಗೆ ಹೋಗಿ ಮುಟ್ಟಿತು. ವಯಸ್ಕರು ನುಂಗಿದಾಗ ಮಾರಕ ಮಿತಿ ಅರ್ಧ ಗ್ರಾಂಗಿಂತ ಹೆಚ್ಚಿರಬೇಕು ಎಂಬುದು ಅವರ ಅಂದಾಜು. ಹಾಗೆಂದು ಬಾಟಲಿಯನ್ನು ಮಕ್ಕಳ ಕೈಗೆಟಕುವಂತೆ ಇಡುವ ಹಾಗಿಲ್ಲ. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ದ್ರವ ನಿಕೋಟಿನ್‌ನಿಂದ ಸತ್ತಿತು. ಆ ಬಳಿಕ ಮಕ್ಕಳು ತೆರೆಯಲಾಗದ ಮುಚ್ಚಳವನ್ನು ಅಮೆರಿಕ ಕಡ್ಡಾಯ ಮಾಡಿತು. ಶೇಕಡಾವಾರು ಅಂಕಿ ಕಂಡರೆ ಮಿಲಿಗ್ರಾಂಗೆ ಇಳಿಸಿ ಬರೆಯಿರಿ. ಅಮೆರಿಕದ ಇ-ಸಿಗರೇಟ್ ಬ್ರ್ಯಾಂಡ್ ಜೂಲ್‌ನ ಪಾಡಿನ ‘ಶೇ 5’ ಎಂದರೆ ಮಿಲಿಲೀಟರಿಗೆ 59 ಮಿಲಿಗ್ರಾಂ, ಪಾಡಿನಲ್ಲಿ 0.7 ಮಿಲಿಲೀಟರ್, ಒಟ್ಟು ಸುಮಾರು 41 ಮಿಲಿಗ್ರಾಂ. ಯುರೋಪಿನ ಮಿತಿ ಮಿಲಿಲೀಟರಿಗೆ 20. ‘ಶೇ 5 ಮಾತ್ರ’ ಎಂದು ಬರೆದರೆ ಓದುಗನಿಗೆ ಮಜ್ಜಿಗೆಯಷ್ಟು ತೆಳು ಅನ್ನಿಸುತ್ತದೆ. ಅದು ಯುರೋಪಿನ ಮಿತಿಯ ಸುಮಾರು ಮೂರು ಪಟ್ಟು.

ಶೇ 95: ಯಾರಿಗೆ ಹೋಲಿಸಿ?

ಇಷ್ಟು ಹೊತ್ತು ಭಯದ ಕಡೆಯ ತಪ್ಪುಗಳನ್ನು ಹೇಳಿದೆ. ನೆಮ್ಮದಿ ಮಾರುವ ಕಡೆಯೂ ತಪ್ಪು ಕಮ್ಮಿ ಇಲ್ಲ. 2015ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ‘ಇ-ಸಿಗರೇಟ್ ಧೂಮಪಾನಕ್ಕಿಂತ ಸುಮಾರು ಶೇ 95ರಷ್ಟು ಕಡಿಮೆ ಹಾನಿಕರ’ ಎಂದಿತು. ಆ ಸಂಖ್ಯೆಯನ್ನು ಯಾರೂ ತೂಗಿ ನೋಡಿದ್ದಲ್ಲ. 2014ರಲ್ಲಿ ಬ್ರಿಟನ್ನಿನ ಔಷಧ ವಿಜ್ಞಾನಿ ಡೇವಿಡ್ ನಟ್ ಮತ್ತಿತರರು ಪ್ರಕಟಿಸಿದ ಕೆಲಸದಲ್ಲಿ 12 ತಜ್ಞರು ಒಂದು ಕೋಣೆಯಲ್ಲಿ ಕೂತು, 12 ಉತ್ಪನ್ನಗಳಿಗೆ 14 ಮಾನದಂಡಗಳಲ್ಲಿ ಅಂಕ ಕೊಟ್ಟಿದ್ದರು. ಸಿಗರೇಟಿಗೆ 99.6, ಇ-ಸಿಗರೇಟಿಗೆ 4. 2015ರ ಅದೇ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಸಂಪಾದಕೀಯ ಬರೆದು ಇದನ್ನು ತರಾಟೆಗೆ ತೆಗೆದುಕೊಂಡಿತು. 2016ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಬೇರೆ ದಾರಿಯಲ್ಲಿ ನಡೆದು, ದೀರ್ಘಕಾಲದ ಹಾನಿ ಸಿಗರೇಟಿನ ಶೇ 5ನ್ನು ಮೀರುವುದು ಅಸಂಭವ ಎಂದಿತು. ತಜ್ಞರ ಅಂದಾಜಿಗೂ ಬೆಲೆ ಇದೆ. ಸುದ್ದಿಯಲ್ಲಿ ಅದನ್ನು ‘ಅಂದಾಜು’ ಎಂದೇ ಕರೆಯಬೇಕು.

ಭಾಷಾಂತರದಲ್ಲಿ ಆಗುವ ಎಡವಟ್ಟು ಇನ್ನೂ ಸಣ್ಣದು, ಆದರೆ ದುಬಾರಿ. ‘ಶೇ 95ರಷ್ಟು ಕಡಿಮೆ ಹಾನಿ’ ಎಂಬುದು ‘ಶೇ 95ರಷ್ಟು ಸುರಕ್ಷಿತ’ ಆಗುತ್ತದೆ. ಮೊದಲನೆಯದರಲ್ಲಿ ಸಿಗರೇಟ್ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದೆ. ಎರಡನೆಯದರಲ್ಲಿ ತಟ್ಟೆಯೇ ಇಲ್ಲ. ದಿನಕ್ಕೆ ಒಂದು ಪ್ಯಾಕ್ ಸೇದುವ 50ರ ಮನುಷ್ಯ ಇ-ಸಿಗರೇಟನ್ನು ಸಿಗರೇಟಿಗೆ ಹೋಲಿಸಿಕೊಳ್ಳಬೇಕು. ಎಂದೂ ಸೇದದ 16ರ ಹುಡುಗಿ ಅದನ್ನು ಬರೀ ಗಾಳಿಗೆ ಹೋಲಿಸಿಕೊಳ್ಳಬೇಕು. ಇನ್ನು ಕರ್ನಾಟಕದ ಲೆಕ್ಕವೇ ಬೇರೆ: 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಇಲ್ಲಿ ಸೇದುವವರು ಶೇ 8.8, ಅಗಿಯುವ ಮತ್ತಿತರ ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಇಂಗ್ಲೆಂಡಿನ ಹೋಲಿಕೆಯನ್ನು ಇಲ್ಲಿಗೆ ಹಾಗೇ ಎತ್ತಿ ತಂದರೆ, ತಂಬಾಕು ಬಳಸುವ ಕನ್ನಡಿಗರಲ್ಲಿ ದೊಡ್ಡ ಪಾಲಿನವರಿಗೆ ಅದು ಸಂಬಂಧವೇ ಇಲ್ಲದ ಮಾತು.

ಒಂದೇ ಪ್ರಬಂಧದಿಂದ ಎರಡು ವಿರುದ್ಧ ಶೀರ್ಷಿಕೆ ಹುಟ್ಟುವುದಕ್ಕೂ ಉದಾಹರಣೆ ಬೇಕಲ್ಲ. 2019ರ ಆರಂಭದಲ್ಲಿ ಲಂಡನ್ನಿನ ಪೀಟರ್ ಹಯೆಕ್ ತಂಡ, ಸಿಗರೇಟ್ ಬಿಡಲು ಬಂದಿದ್ದ 886 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಕೊಟ್ಟಿತು. ಒಂದು ವರ್ಷದ ನಂತರ ಸಿಗರೇಟ್ ಬಿಟ್ಟಿದ್ದವರು ಇ-ಸಿಗರೇಟ್ ಗುಂಪಿನಲ್ಲಿ ಶೇ 18, ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿ-ಚ್ಯೂಯಿಂಗ್ ಗಮ್ ಗುಂಪಿನಲ್ಲಿ ಶೇ 9.9. ‘ಯಶಸ್ಸು ದುಪ್ಪಟ್ಟು’ ಎಂದು ಬರೆಯಬಹುದು, ನಿಜ. ‘ನೂರರಲ್ಲಿ 82 ಮಂದಿ ಬಿಡಲಿಲ್ಲ’ ಎಂದೂ ಬರೆಯಬಹುದು, ಅದೂ ನಿಜ. ಬಿಟ್ಟವರಲ್ಲಿ ಶೇ 80ರಷ್ಟು ಜನ ವರ್ಷದ ಕೊನೆಗೂ ಇ-ಸಿಗರೇಟ್ ಸೇದುತ್ತಿದ್ದರು. ಇನ್ನೊಂದು ಗುಂಪಿನಲ್ಲಿ ಪಟ್ಟಿ-ಗಮ್ ಉಳಿಸಿಕೊಂಡವರು ಶೇ 9. ಎರಡೂ ಗುಂಪಿಗೆ ವಾರವಾರ ಆಪ್ತಸಲಹೆಯೂ ಸಿಗುತ್ತಿತ್ತು. ಈ ನಾಲ್ಕು ಸಂಗತಿಗಳು ಮೊದಲ ಮೂರು ಪ್ಯಾರಾಗಳಲ್ಲಿ ಬಂದರೆ ಶೀರ್ಷಿಕೆ ಏನೇ ಇರಲಿ, ಓದುಗ ದಾರಿ ತಪ್ಪುವುದಿಲ್ಲ.

ಹಣ, ಕಾನೂನು, ಕಿಸೆಯಲ್ಲಿ ಬ್ಯಾಟರಿ

ಅಧ್ಯಯನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಹಣದ ಮೂಲ ಓದದೆ ಸುದ್ದಿ ಬಿಡಬೇಡಿ. ಮಾರ್ಲ್‌ಬರೋ ಮಾಡುವ ಆಲ್ಟ್ರಿಯಾ ಕಂಪನಿ 2018ರ ಡಿಸೆಂಬರ್‌ನಲ್ಲಿ ಜೂಲ್‌ನ ಶೇ 35 ಪಾಲನ್ನು 1,280 ಕೋಟಿ ಡಾಲರಿಗೆ ಕೊಂಡಿತು. 2021ರಲ್ಲಿ ಅಮೆರಿಕದ ಒಂದು ಸಂಶೋಧನಾ ಪತ್ರಿಕೆ ಜೂಲ್ ಹಣದ 11 ಲೇಖನಗಳಿಗೇ ಒಂದು ವಿಶೇಷ ಸಂಚಿಕೆ ಮೀಸಲಿಟ್ಟಿತು. ಎದುರು ಬದಿಯಲ್ಲೂ ದೊಡ್ಡ ಹಣವಿದೆ: 2019ರ ಸೆಪ್ಟೆಂಬರ್‌ನಲ್ಲಿ, ಇವಾಲಿ ಉತ್ತುಂಗದಲ್ಲಿದ್ದಾಗಲೇ, ಬ್ಲೂಮ್‌ಬರ್ಗ್ ಫಿಲಾಂಥ್ರಪೀಸ್ ಎಂಬ ದಾನಸಂಸ್ಥೆ ಪರಿಮಳದ ಇ-ಸಿಗರೇಟ್ ವಿರುದ್ಧದ ಅಭಿಯಾನಕ್ಕೆ 16 ಕೋಟಿ ಡಾಲರ್ ಘೋಷಿಸಿತು.

ನಮ್ಮ 2019ರ ಕಾಯ್ದೆಯ ಬಗ್ಗೆ ಬರೆಯುವಾಗ ‘ಇ-ಸಿಗರೇಟ್ ನಿಷೇಧ’ ಎಂಬ ಎರಡು ಪದ ಸಾಲದು. ಕಾಯ್ದೆಯ ಹೆಸರಲ್ಲೇ ಪಟ್ಟಿ ಇದೆ: ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಸಂಗ್ರಹ, ಜಾಹೀರಾತು. ಮಾರಾಟ ಮತ್ತು ಜಾಹೀರಾತಿನಂಥ ಅಪರಾಧಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮರುಕಳಿಸಿದರೆ ಮೂರು ವರ್ಷ, ಐದು ಲಕ್ಷದವರೆಗೆ. ಸಂಗ್ರಹಕ್ಕೆ ಆರು ತಿಂಗಳು ಅಥವಾ 50 ಸಾವಿರದವರೆಗೆ. ಜಾಹೀರಾತು ಈ ಪಟ್ಟಿಯಲ್ಲಿರುವುದರಿಂದ, ಡಿಜಿಟಲ್ ಪುಟದಲ್ಲಿ ‘ಜೀವನಶೈಲಿ’ ಎಂಬ ಹೆಸರಲ್ಲಿ ಬರುವ ಪ್ರಾಯೋಜಿತ ಬರಹ ವೇಪ್ ಮಾದರಿಗಳನ್ನು ಹೊಗಳಿದರೆ ಅದು ಸಂಪಾದಕರ ಕುತ್ತಿಗೆಗೇ ಬರುತ್ತದೆ.

ಸ್ಫೋಟದ ಸುದ್ದಿಗಳು ಇನ್ನೊಂದು ಜಾತಿ. ಬ್ಯಾಟರಿ ಸಿಡಿಯುವುದು ನಿಜ: ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ 195 ಘಟನೆಗಳನ್ನು ಪಟ್ಟಿ ಮಾಡಿತು. ಅದು ಮಾಧ್ಯಮ ವರದಿಗಳಿಂದ ಆಯ್ದ ಪಟ್ಟಿ. ಆಸ್ಪತ್ರೆಯ ತುರ್ತು ವಿಭಾಗಗಳ ಮಾಹಿತಿಯಿಂದ ಮಾಡಿದ ಅಂದಾಜು 2015-17ರ ಮೂರೇ ವರ್ಷಕ್ಕೆ 2,035 ಗಾಯಾಳುಗಳು ಎನ್ನುತ್ತದೆ. ಪತ್ರಿಕೆಗೆ ಬಂದದ್ದನ್ನೇ ಎಣಿಸಿದರೆ ಎಷ್ಟು ಕಮ್ಮಿಯಾಗುತ್ತದೆ ನೋಡಿ. ಇಲ್ಲಿ ಓದುಗನಿಗೆ ಬೇಕಾದ್ದು ಕಾರಣ. 18650 ಎಂಬ ಸಂಖ್ಯೆಯ ಬಿಡಿ ಬ್ಯಾಟರಿ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ; ಅದನ್ನು ಕಿಸೆಯಲ್ಲಿ ನಾಣ್ಯ, ಬೀಗದಕೈ ಜೊತೆ ಹಾಕಿಕೊಂಡರೆ ಎರಡು ತುದಿಗಳು ಕೂಡಿ ಶಾರ್ಟ್ ಆಗುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಇನ್ನೂ ಸುಲಭ. ಒಳಗೆ ಶಾಖ ಶಾಖವನ್ನೇ ಹುಟ್ಟಿಸುತ್ತ ಹೋಗುತ್ತದೆ, ಆಮೇಲೆ ತಡೆಯಲಾಗದು. ಉಪಕರಣಗಳನ್ನು ವಿಮಾನದ ಸರಕು ಸಾಮಾನಿನಲ್ಲಿ ಹಾಕಬಾರದೆಂಬ ನಿಯಮ 2015ರಲ್ಲಿ ಬಂದದ್ದೂ ಇದಕ್ಕೇ.

ಹಿಂತೆಗೆದ ಪ್ರಬಂಧ

2018ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಇ-ಸಿಗರೇಟ್ ಕುರಿತು 47 ತೀರ್ಮಾನಗಳ ವರದಿ ಕೊಟ್ಟವು. ಪ್ರತಿ ತೀರ್ಮಾನದ ಮುಂದೆ ಪುರಾವೆ ಎಷ್ಟು ಗಟ್ಟಿ ಎಂಬ ದರ್ಜೆ. ಸಿಗರೇಟ್ ಪೂರ್ತಿ ಬಿಟ್ಟು ಇದಕ್ಕೆ ಬದಲಾದರೆ ಹಲವು ವಿಷವಸ್ತುಗಳ ಸಂಪರ್ಕ ತಗ್ಗುತ್ತದೆ ಎಂಬುದಕ್ಕೆ ‘ನಿರ್ಣಾಯಕ’ ದರ್ಜೆ. ಇದನ್ನು ಹಿಡಿದ ಹದಿಹರೆಯದವರು ಮುಂದೆ ಸಿಗರೇಟ್ ಮುಟ್ಟುವ ಸಂಭವ ಹೆಚ್ಚು ಎಂಬುದಕ್ಕೆ ‘ಗಣನೀಯ’ ದರ್ಜೆ. ಹೃದ್ರೋಗ, ಪಾರ್ಶ್ವವಾಯುಗಳೊಂದಿಗೆ ನಂಟಿದೆಯೋ ಇಲ್ಲವೋ ಎಂಬುದಕ್ಕೆ ‘ಲಭ್ಯ ಪುರಾವೆ ಇಲ್ಲ’. ಕೊನೆಯದನ್ನು ಕನ್ನಡದಲ್ಲಿ ‘ಹೃದಯಕ್ಕೆ ಅಪಾಯವಿಲ್ಲ’ ಎಂದು ಬರೆದುಬಿಡುವುದು ತೀರಾ ಸುಲಭ. ಸಾಕ್ಷಿ ಸಿಗದಿರುವುದೂ ನಿರ್ದೋಷಿ ಎಂದು ಸಾಬೀತಾಗುವುದೂ ಒಂದೇ ಅಲ್ಲ ಎಂದು ಕೋರ್ಟ್ ವರದಿ ಮಾಡುವವರಿಗೆ ಹೇಳಿಕೊಡಬೇಕಿಲ್ಲ.

ಆ ಖಾಲಿ ಜಾಗವನ್ನು ತುಂಬುವಂತೆ 2019ರ ಜೂನ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು: ಇ-ಸಿಗರೇಟ್ ಬಳಕೆಗೂ ಹೃದಯಾಘಾತಕ್ಕೂ ನಂಟಿದೆ. ‘ನಂಟು’ ಎಂಬುದು ಎಷ್ಟೋ ಕಡೆ ‘ಕಾರಣ’ ಆಯಿತು. ಲೂಯಿವಿಲ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ಪ್ರಬಂಧ ಆಧರಿಸಿದ್ದ ಸಮೀಕ್ಷೆಯ ಮೂಲ ಮಾಹಿತಿ ತೆಗೆದು ನೋಡಿದರು. ಹೃದಯಾಘಾತವಾಗಿದ್ದ ಬಳಕೆದಾರರಲ್ಲಿ ಹೆಚ್ಚಿನವರಿಗೆ ಅದು ಆದದ್ದು ಇ-ಸಿಗರೇಟ್ ಹಿಡಿಯುವುದಕ್ಕಿಂತ ಎಷ್ಟೋ ವರ್ಷ ಮುಂಚೆ. ಮದುವೆಗೆ ಮೊದಲೇ ಹುಟ್ಟಿದ್ದ ಮಗುವಿಗೆ ಮದುವೆಯನ್ನೇ ಕಾರಣ ಮಾಡಿದಂತೆ. ಆ ಪ್ರಾಧ್ಯಾಪಕರು ತಂಬಾಕು ಕಂಪನಿಗಳ ಅನುದಾನ ಪಡೆದವರು. ಅದನ್ನು ಬರೆಯಲೇಬೇಕು, ಆದರೆ ದಿನಾಂಕಗಳ ಲೆಕ್ಕ ಯಾರು ಮಾಡಿದರೂ ಅದೇ ಬರುತ್ತದೆ. ಘಟನೆ ಯಾವುದು ಮೊದಲು ಎಂದು ಪರಿಶೀಲಿಸಿ ಕೊಡುವಂತೆ ಕೇಳಿದ್ದಕ್ಕೆ ಲೇಖಕರಿಂದ ಗಡುವಿನೊಳಗೆ ಆಗಲಿಲ್ಲವಾಗಿ, ಪತ್ರಿಕೆ 2020ರ ಫೆಬ್ರುವರಿ 18ರಂದು ಪ್ರಬಂಧವನ್ನು ಹಿಂತೆಗೆಯಿತು. ಇವಾಲಿಯ ಕೊನೆಯ ಲೆಕ್ಕ ನಿಂತದ್ದೂ ಅದೇ ದಿನಕ್ಕೆ.

ಪ್ರಬಂಧ ಹೋಯಿತು, ಅದರ ಸುದ್ದಿ ಹೋಗುವುದಿಲ್ಲ. ಹಳೆಯ ಪುಟ ಹುಡುಕಾಟದಲ್ಲಿ ಇವತ್ತಿಗೂ ಮೇಲೆ ಬರುತ್ತದೆ. ಹೊಸ ಉಪಸಂಪಾದಕ ಹಿನ್ನೆಲೆಗೆಂದು ಅದರಿಂದಲೇ ಎರಡು ಸಾಲು ಎತ್ತಿಕೊಳ್ಳುತ್ತಾನೆ. ಹಾಗಾಗಿ ಯಾವುದೇ ಅಧ್ಯಯನವನ್ನು ಮರುಬಳಸುವ ಮುನ್ನ ಮೂಲ ಜರ್ನಲಿನ ಪುಟ ತೆರೆದು, ಶೀರ್ಷಿಕೆಯ ಮೇಲೆ ‘ಹಿಂತೆಗೆಯಲಾಗಿದೆ’ ಎಂಬ ಸೂಚನೆ ಇದೆಯೇ ನೋಡಿ. ನಿಮ್ಮದೇ ಹಳೆಯ ಸುದ್ದಿಯಾಗಿದ್ದರೆ ಅಳಿಸಬೇಡಿ, ಮೊದಲ ಪ್ಯಾರಾದ ಮೇಲೆ, ದಿನಾಂಕದ ಸಮೇತ ಇಷ್ಟು ಬರೆಯಿರಿ: ‘ಈ ವರದಿಗೆ ಆಧಾರವಾದ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2020ರ ಫೆಬ್ರುವರಿ 18ರಂದು ಹಿಂತೆಗೆದಿದೆ. ಹೃದಯಾಘಾತ ಆದದ್ದು ಇ-ಸಿಗರೇಟ್ ಬಳಕೆಗೆ ಮೊದಲೋ ನಂತರವೋ ಎಂಬುದನ್ನು ಅಧ್ಯಯನ ಬೇರ್ಪಡಿಸಿರಲಿಲ್ಲ. ಹಿಂತೆಗೆತದಿಂದ ಇ-ಸಿಗರೇಟ್ ಹೃದಯಕ್ಕೆ ಸುರಕ್ಷಿತವೆಂದು ಸಾಬೀತಾಗುವುದಿಲ್ಲ.’ ಆಮೇಲೆ ಶೀರ್ಷಿಕೆಯನ್ನೂ ತಿದ್ದಿ. ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಹಂಚಿದಾಗ ಕಾಣುವುದು ಅದೊಂದೇ.